ಬಾಗಿದ ಪ್ಲಾಟ್‌ಫಾರಂ: ನ್ಯೂಯಾರ್ಕಿನ ಹಳೆಯ ಸಿಟಿ ಹಾಲ್ ಸ್ಟೇಷನ್ ಮುಚ್ಚಿಹೋದದ್ದು ಯಾಕೆ

ನ್ಯೂಯಾರ್ಕ್ ಸಬ್‌ವೇಯ 6ನೇ ನಂಬರಿನ ಗಾಡಿಗೆ ದಕ್ಷಿಣದ ಕೊನೆಯ ಸ್ಟಾಪು ಬ್ರೂಕ್ಲಿನ್ ಬ್ರಿಡ್ಜ್–ಸಿಟಿ ಹಾಲ್. ಎಲ್ಲರೂ ಇಳಿದ ಮೇಲೆ ಗಾಡಿ ಅಲ್ಲೇ ನಿಂತು ಹಿಮ್ಮುಖವಾಗಿ ಹೊರಡುವುದಿಲ್ಲ. ಮುಂದಕ್ಕೆ ಸಾಗಿ, ಸಿಟಿ ಹಾಲ್ ಪಾರ್ಕಿನ ನೆಲದಡಿ ಬಿಗಿಯಾಗಿ ಸುತ್ತು ಹಾಕಿ, ಉತ್ತರ ದಿಕ್ಕಿನ ಪ್ಲಾಟ್‌ಫಾರಂಗೆ ಬಂದು ನಿಲ್ಲುತ್ತದೆ. ಆ ಸುತ್ತಿನ ದಾರಿಯಲ್ಲಿ ಇನ್ನೊಂದು ಸ್ಟೇಷನ್ ಇದೆ. ಕಮಾನು ಕಮಾನಾಗಿ ಸಾಗುವ ಟೈಲಿನ ಛಾವಣಿ, ಸೀಸದ ಪಟ್ಟಿಗಳಲ್ಲಿ ಗಾಜು ಕೂರಿಸಿದ ಬೆಳಕಿಂಡಿಗಳು, ಹಿತ್ತಾಳೆಯ ತೂಗುದೀಪಗಳು. 1904ರ ಅಕ್ಟೋಬರ್ 27ರಂದು ನಗರದ ಮೊದಲ ಸಬ್‌ವೇ ಉದ್ಘಾಟನೆಯಾದದ್ದು ಇಲ್ಲಿಂದಲೇ. 1945ರ ಡಿಸೆಂಬರ್ 31ರಂದು ಬಾಗಿಲು ಹಾಕಿದ ಮೇಲೆ ಇಲ್ಲಿ ಮಾಮೂಲಿ ಪ್ರಯಾಣಿಕರಿಗಾಗಿ ಗಾಡಿ ನಿಂತಿಲ್ಲ.

ಈ ಸ್ಟೇಷನ್ ಬಗ್ಗೆ ಬರುವ ಬರಹಗಳಲ್ಲಿ ಹೆಚ್ಚಿನವು ‘ಮರೆತುಹೋದ ಅರಮನೆ’ಯ ಧಾಟಿಯವು. ಅದು ಅರ್ಧ ಕಥೆ ಮಾತ್ರ. ಇಷ್ಟು ಚೆಂದದ ಸ್ಟೇಷನ್ ನಲವತ್ತೊಂದೇ ವರ್ಷಕ್ಕೆ ಕೆಲಸಕ್ಕೆ ಬಾರದೆ ಹೋದದ್ದಕ್ಕೆ ಕಾರಣ ಅದರ ಬಾಗು. ಅದರ ಚೆಂದಕ್ಕೂ ಅರ್ಧ ಕಾರಣ ಆ ಬಾಗೇ. ಹಳಿ ಯಾಕೆ ಬಾಗಿತು, ಬಾಗಿದ ಜಾಗಕ್ಕೆ ಛಾವಣಿ ಹೇಗೆ ಕಟ್ಟುತ್ತಾರೆ, ಬಾಗಿದ ಪ್ಲಾಟ್‌ಫಾರಂ ಪಕ್ಕದಲ್ಲಿ ಉದ್ದನೆಯ ಬೋಗಿ ನಿಂತರೆ ಏನಾಗುತ್ತದೆ, ಇವಿಷ್ಟು ತಿಳಿದರೆ ಕಥೆ ಪೂರ್ತಿಯಾಗುತ್ತದೆ.

ಸುತ್ತು ಯಾಕೆ ಬೇಕಿತ್ತು

ರೈಲು ಮಾರ್ಗದ ಕೊನೆಯಲ್ಲಿ ಗಾಡಿಯನ್ನು ವಾಪಸು ಕಳಿಸಲು ಎರಡು ದಾರಿ. ಮೊದಲನೆಯದರಲ್ಲಿ ಹಳಿ ಅಲ್ಲಿಗೇ ಮುಗಿಯುತ್ತದೆ. ಚಾಲಕ ಇಳಿದು ಗಾಡಿಯ ಇನ್ನೊಂದು ತುದಿಗೆ ನಡೆಯಬೇಕು, ಬ್ರೇಕು ಪರೀಕ್ಷೆ ಆಗಬೇಕು, ಹೊರಟ ಗಾಡಿ ಅಡ್ಡಹಳಿ ದಾಟಿ ತನ್ನ ದಿಕ್ಕಿನ ಹಳಿಗೆ ಸೇರಬೇಕು. ಅದು ಅಡ್ಡಹಳಿ ದಾಟುವಷ್ಟು ಹೊತ್ತೂ ಎದುರಿನಿಂದ ಬರುವ ಗಾಡಿ ಸಿಗ್ನಲ್ಲಿನಲ್ಲಿ ಕಾಯಬೇಕು. ಎರಡು ಮೂರು ನಿಮಿಷಕ್ಕೊಂದು ಗಾಡಿ ಬಿಡಬೇಕಾದ ಮಾರ್ಗದಲ್ಲಿ ಈ ಕಾಯುವಿಕೆ ಒಂದರ ಹಿಂದೆ ಒಂದಾಗಿ ಬೆಳೆಯುತ್ತಾ ಹೋಗುತ್ತದೆ. ಎರಡನೆಯ ದಾರಿ ಸುತ್ತುಹಳಿ. ಚಾಲಕ ಕೂತಲ್ಲೇ ಇರುತ್ತಾನೆ, ಗಾಡಿ ದುಂಡಗೆ ತಿರುಗಿ ಬರುತ್ತದೆ, ಬರುವ ಗಾಡಿಗೂ ಹೋಗುವ ಗಾಡಿಗೂ ದಾರಿ ಎಲ್ಲೂ ಅಡ್ಡ ಬರುವುದಿಲ್ಲ.

ಮೊದಲ ಸಬ್‌ವೇಯ ಮುಖ್ಯ ಎಂಜಿನಿಯರ್ ವಿಲಿಯಂ ಬಾರ್ಕ್ಲೇ ಪಾರ್ಸನ್ಸ್ ಲೋಕಲ್ ಗಾಡಿಗಳಿಗೆ ಈ ಎರಡನೆಯ ದಾರಿಯನ್ನೇ ಹಿಡಿದರು. ಎಕ್ಸ್‌ಪ್ರೆಸ್ ಹಳಿಗಳ ಕಥೆ ಬೇರೆ. ಅವು ಮುಂದುವರಿದು 1908ರಲ್ಲಿ ನದಿಯಡಿ ದಾಟಿ ಬ್ರೂಕ್ಲಿನ್ ಸೇರಿದವು. ಲೋಕಲ್ ಗಾಡಿಗಳಿಗೆ ಮಾತ್ರ ಪಾರ್ಕಿನ ಕೆಳಗೆ ಸುತ್ತು, ಸುತ್ತಿನ ಮೇಲೊಂದು ಸ್ಟೇಷನ್. ನೆತ್ತಿಯ ಮೇಲೆ ನಗರಸಭೆಯ ಕಟ್ಟಡ, ಮೇಯರ್ ಕಚೇರಿ. ಹೀಗಾಗಿ ಈ ನಿಲ್ದಾಣಕ್ಕೆ ಸಾರಿಗೆಯ ಕೆಲಸದ ಜೊತೆಗೆ ಪ್ರದರ್ಶನದ ಕೆಲಸವೂ ಅಂಟಿಕೊಂಡಿತು. ಉಳಿದ ಸ್ಟೇಷನ್‌ಗಳಿಗೆ ಇಲ್ಲದ ಖರ್ಚು ಇಲ್ಲಿ ಬಿದ್ದದ್ದು ಅದಕ್ಕೇ.

1900ರ ಫೆಬ್ರವರಿಯಲ್ಲಿ ಗುತ್ತಿಗೆಗೆ ಸಹಿಯಾಯಿತು, ಮಾರ್ಚ್ 24ರಂದು ಇದೇ ಸಿಟಿ ಹಾಲ್ ಎದುರು ಗುದ್ದಲಿ ಪೂಜೆ ನಡೆಯಿತು. ಗುತ್ತಿಗೆದಾರ ಜಾನ್ ಮೆಕ್‌ಡೊನಾಲ್ಡ್, ಹಣ ಹೂಡಿದವರು ಆಗಸ್ಟ್ ಬೆಲ್ಮಾಂಟ್. ಗುತ್ತಿಗೆಯ ಕರಾರಿನಲ್ಲಿ ಇವತ್ತಿನ ಟೆಂಡರುಗಳಲ್ಲಿ ಅಪರೂಪವಾದ ಒಂದು ಷರತ್ತಿತ್ತು: ಇದು ದೊಡ್ಡ ಸಾರ್ವಜನಿಕ ಕೆಲಸವಾದ್ದರಿಂದ ಜನರ ಕಣ್ಣಿಗೆ ಬೀಳುವ ಭಾಗಗಳೆಲ್ಲ ಕೆಲಸಕ್ಕೆ ಒದಗುವಂತೆಯೂ ನೋಡಲು ಅಂದವಾಗಿಯೂ ಇರಬೇಕು, ಹಾಗೆಯೇ ಕಾಪಾಡಿಕೊಂಡು ಬರಬೇಕು. ಇದನ್ನು ಕಾರ್ಯಕ್ಕೆ ಇಳಿಸುವ ಹೊಣೆ ವಾಸ್ತುಶಿಲ್ಪಿಗಳಾದ ಹೈನ್ಸ್ ಮತ್ತು ಲಾಫಾರ್ಜ್ ಜೋಡಿಯದು. (ಸಬ್‌ವೇ ತೆರೆದು ಕೆಲವೇ ದಿನಕ್ಕೆ ಅದನ್ನು ಓಡಿಸುತ್ತಿದ್ದ ಕಂಪನಿಯವರು ಗೋಡೆಗಳ ಮೇಲೆ ಜಾಹೀರಾತು ಫಲಕ ಹೊಡೆಯತೊಡಗಿದರು; ಅದರ ಮೇಲೆ ದೊಡ್ಡ ಗಲಾಟೆಯೇ ಆಯಿತು. ಕರಾರಿನ ಅಂದಕ್ಕೂ ಕಂಪನಿಯ ಆದಾಯಕ್ಕೂ ಜಗಳ ಅಂದಿನಿಂದಲೇ ಶುರು.)

ಉಳಿದ ಸ್ಟೇಷನ್‌ಗಳು ಹೇಗಿದ್ದವು

ಸಿಟಿ ಹಾಲ್ ಎಷ್ಟು ಬೇರೆ ಅನ್ನುವುದು ತಿಳಿಯಬೇಕಾದರೆ ಅದೇ ಮಾರ್ಗದ ಮಾಮೂಲಿ ಸ್ಟೇಷನ್ ಹೇಗಿತ್ತು ನೋಡಬೇಕು. ಲಂಡನ್ನಿನ ಟ್ಯೂಬ್‌ನಂತೆ ಆಳದಲ್ಲಿ ಸುರಂಗ ಕೊರೆಯುವ ಬದಲು ಪಾರ್ಸನ್ಸ್ ಬಹುಪಾಲು ಮಾರ್ಗಕ್ಕೆ ರಸ್ತೆಯನ್ನೇ ಅಗೆದು ಮುಚ್ಚುವ ವಿಧಾನ ಆರಿಸಿಕೊಂಡರು. ಮೊದಲು ರಸ್ತೆ ಅಗೆದು ಮರದ ಹಲಗೆ ಹಾಸಿ ಓಡಾಟಕ್ಕೆ ಅನುವು ಮಾಡಬೇಕು. ಅಡ್ಡ ಬಂದ ಚರಂಡಿ, ನೀರು, ಗ್ಯಾಸಿನ ಪೈಪುಗಳನ್ನು ತೂಗುಹಾಕಬೇಕು ಅಥವಾ ಬೇರೆಡೆಗೆ ತಿರುಗಿಸಬೇಕು. ತಳಕ್ಕೆ ಕಾಂಕ್ರೀಟು ಹಾಕಿ, ಸುಮಾರು ಐದೈದು ಅಡಿಗೆ ಒಂದರಂತೆ ಉಕ್ಕಿನ ಕಂಬ–ತೊಲೆಗಳ ಚೌಕಟ್ಟು ನಿಲ್ಲಿಸಿ, ತೊಲೆಯಿಂದ ತೊಲೆಗೆ ಕಾಂಕ್ರೀಟಿನ ಸಣ್ಣ ಕಮಾನು ಎರಕ ಹೊಯ್ಯಬೇಕು. ಸುತ್ತಲೂ ಡಾಂಬರಿನಲ್ಲಿ ಅದ್ದಿದ ಫೆಲ್ಟನ್ನು ಪದರ ಪದರವಾಗಿ ಅಂಟಿಸಿ ನೀರು ತಡೆಯಬೇಕು. ಆಮೇಲೆ ಮಣ್ಣು ತುಂಬಿ ರಸ್ತೆ ಹಾಸಿದರೆ ಮುಗಿಯಿತು. ನಮ್ಮ ಹಳೆಯ ರೈಲ್ವೆ ಕಟ್ಟಡಗಳಲ್ಲಿ ಕಬ್ಬಿಣದ ತೊಲೆಗಳ ನಡುವೆ ಇಟ್ಟಿಗೆಯ ಜ್ಯಾಕ್ ಆರ್ಚ್ ಛಾವಣಿ ನೋಡಿದವರಿಗೆ ಈ ಪದ್ಧತಿ ಹೊಸದೇನಲ್ಲ.

ಇದರಿಂದ ಸಿಗುವುದು ಚಪ್ಪಟೆ ಛಾವಣಿ, ಸಾಲು ಕಂಬ, ಉದ್ದನೆಯ ಪೆಟ್ಟಿಗೆಯಂಥ ಜಾಗ. ಅದಕ್ಕೆ ಹೈನ್ಸ್ ಮತ್ತು ಲಾಫಾರ್ಜ್ ಮಾಡಬಹುದಾಗಿದ್ದದ್ದು ಮೇಕಪ್ಪು ಮಾತ್ರ. ಬಿಳಿ ಟೈಲಿನ ಗೋಡೆ, ಬಣ್ಣದ ಮೊಸಾಯಿಕ್ ಅಂಚು, ಒಂದೊಂದು ಸ್ಟೇಷನ್ನಿಗೂ ಒಂದೊಂದು ಗುರುತಿನ ಉಬ್ಬುಫಲಕ. ತುಪ್ಪಳದ ವ್ಯಾಪಾರದಲ್ಲಿ ದುಡ್ಡು ಮಾಡಿದ ಆಸ್ಟರ್ ಮನೆತನದ ನೆನಪಿಗೆ ಆಸ್ಟರ್ ಪ್ಲೇಸ್‌ನಲ್ಲಿ ಬೀವರ್ ಪ್ರಾಣಿ, ಕೊಲಂಬಸ್ ಸರ್ಕಲ್ಲಿನಲ್ಲಿ ಹಡಗು. ಇವು ಇವತ್ತಿಗೂ ಅಲ್ಲಲ್ಲೇ ಇವೆ.

ಸಿಟಿ ಹಾಲ್‌ನಲ್ಲಿ ಮೂರು ಅನುಕೂಲಗಳು ಒಟ್ಟಿಗೆ ಸಿಕ್ಕವು. ಮೇಲೆ ಇದ್ದದ್ದು ಪಾರ್ಕು, ರಸ್ತೆಯಲ್ಲ. ಆದ್ದರಿಂದ ಟ್ರಾಮು–ಗಾಡಿಗಳ ಭಾರವಿಲ್ಲ, ನೆಲದಲ್ಲೇ ಬೆಳಕಿಂಡಿ ತೆರೆಯಬಹುದು. ಇದ್ದದ್ದು ಒಂದೇ ಹಳಿ, ಒಂದೇ ಪ್ಲಾಟ್‌ಫಾರಂ. ಆದ್ದರಿಂದ ನಡುವೆ ಕಂಬವಿಲ್ಲದೆ ಗೋಡೆಯಿಂದ ಗೋಡೆಗೆ ಒಂದೇ ಕಮಾನು ಹಾರಿಸಬಹುದು. ಮೂರನೆಯದು ಹಳಿಯ ಬಾಗು. ಬಾಗಿದ ಜಾಗದಲ್ಲಿ ತೊಲೆಗಳು ಬೀಸಣಿಗೆಯ ಕಡ್ಡಿಗಳ ಹಾಗೆ ಹರಡಿಕೊಳ್ಳುತ್ತವೆ, ಒಳಬದಿಯಲ್ಲಿ ಇಕ್ಕಟ್ಟು, ಹೊರಬದಿಯಲ್ಲಿ ಅಗಲ. ಒಂದೊಂದು ಅಂಕಣವೂ ಬೆಣೆಯಾಕಾರದ್ದು. ಮರದ ಸೆಂಟ್ರಿಂಗ್ (ಕಮಾನು ಗಟ್ಟಿಯಾಗುವವರೆಗೆ ಕೆಳಗಿನಿಂದ ಹೊರುವ ಅಚ್ಚು) ಒಂದು ಮಾಡಿಸಿ ನೇರ ಸುರಂಗದಲ್ಲಿ ಮುಂದಕ್ಕೆ ತಳ್ಳಿಕೊಂಡು ಹೋಗುವ ಹಾಗೆ ಇಲ್ಲಿ ಮಾಡಲಾಗದು. ಹಾಗಾಗಿ ಸೆಂಟ್ರಿಂಗನ್ನೇ ಹೆಚ್ಚು ಬೇಡದ ಪದ್ಧತಿಯೊಂದು ಇಲ್ಲಿಗೆ ಹೇಳಿ ಮಾಡಿಸಿದಂತಿತ್ತು. ಆ ಪದ್ಧತಿ ಗೊತ್ತಿದ್ದ ಕುಟುಂಬವೊಂದು ಸ್ಪೇನಿನಿಂದ ಬಂದು ಅಮೆರಿಕದಲ್ಲಿ ನೆಲೆಸಿತ್ತು.

ಗುಸ್ತವಿನೊ ಕಮಾನು: ಕೆಳಗೆ ಆಧಾರವಿಲ್ಲದೆ ಕಟ್ಟುವ ಛಾವಣಿ

ರಫಾಯೆಲ್ ಗುಸ್ತವಿನೊ 1842ರಲ್ಲಿ ವೆಲೆನ್ಸಿಯಾದಲ್ಲಿ ಹುಟ್ಟಿದವರು. 1881ರಲ್ಲಿ ಮಗನನ್ನು ಕರೆದುಕೊಂಡು ನ್ಯೂಯಾರ್ಕಿಗೆ ಬಂದರು. ಮಗನ ಹೆಸರೂ ರಫಾಯೆಲ್ಲೇ. ಶಿಕಾಗೊ, ಬಾಸ್ಟನ್‌ಗಳಲ್ಲಿ 1870ರ ದಶಕದ ಆರಂಭದಲ್ಲಿ ಆದ ಭಾರೀ ಬೆಂಕಿ ಅನಾಹುತಗಳ ನೆನಪು ಇನ್ನೂ ಹಸಿಯಾಗಿತ್ತು. ಮರದ ತೊಲೆ, ಹಲಗೆಯ ಛಾವಣಿ ಅಂದರೆ ಜನ ಹೆದರುತ್ತಿದ್ದರು. ಸುಟ್ಟ ಮಣ್ಣಿನ ತೆಳು ಟೈಲಿನಿಂದ ಕಟ್ಟುವ ಮೆಡಿಟರೇನಿಯನ್ ಕಮಾನನ್ನು ಗುಸ್ತವಿನೊ ‘ಬೆಂಕಿ ತಗಲದ ಛಾವಣಿ’ ಎಂದು ಮಾರಿದರು, ಪೇಟೆಂಟ್ ಪಡೆದರು, 1889ರಲ್ಲಿ ಕಂಪನಿ ತೆರೆದರು. ಬಾಸ್ಟನ್ನಿನ ಸಾರ್ವಜನಿಕ ಗ್ರಂಥಾಲಯದಿಂದ ಅವರ ಹೆಸರು ಮೇಲೆ ಬಂತು.

ಕೆಲಸ ನಡೆಯುವ ಕ್ರಮ ಹೀಗೆ.

ಟೈಲು ಸುಮಾರು ಒಂದು ಇಂಚು ದಪ್ಪ, ಆರು ಇಂಚು ಅಗಲ, ಹನ್ನೆರಡು ಇಂಚು ಉದ್ದ. ಕಲ್ಲಿನ ಕಮಾನಿನಲ್ಲಿ ಕಲ್ಲನ್ನು ನಿಲ್ಲಿಸಿ ಜೋಡಿಸುತ್ತಾರೆ. ಇಲ್ಲಿ ಟೈಲನ್ನು ಮಲಗಿಸುತ್ತಾರೆ, ಅದರ ಅಗಲವಾದ ಮುಖವೇ ಕೆಳಗಿನಿಂದ ಕಾಣುವುದು. ಆಕಾರ ತಪ್ಪದಿರಲಿ ಎಂದು ಹಗುರವಾದ ಪಟ್ಟಿಯದೊಂದು ಅಚ್ಚು ಅಥವಾ ದಾರ ಕಟ್ಟಿರುತ್ತಾರೆ ಅಷ್ಟೆ. ಅದು ಭಾರ ಹೊರುವುದಿಲ್ಲ, ಗೆರೆ ತೋರಿಸುತ್ತದೆ.

ಮೇಸ್ತ್ರಿ ಟೈಲಿನ ಎರಡು ಅಂಚಿಗೆ ಬೇಗ ಗಟ್ಟಿಯಾಗುವ ಪ್ಲಾಸ್ಟರ್ ಆಫ್ ಪ್ಯಾರಿಸ್ ಮೆತ್ತಿ, ಒಂದು ಅಂಚು ಗೋಡೆಗೆ, ಇನ್ನೊಂದು ಅಂಚು ಆಗಲೇ ಕೂತಿರುವ ಟೈಲಿಗೆ ತಾಗುವಂತೆ ಒತ್ತಿ ಹಿಡಿಯುತ್ತಾನೆ. ಸ್ವಲ್ಪ ಹೊತ್ತಿನಲ್ಲೇ ಪ್ಲಾಸ್ಟರು ಬಿಗಿದುಕೊಳ್ಳುತ್ತದೆ, ಕೈ ಬಿಟ್ಟರೆ ಟೈಲು ಗಾಳಿಯಲ್ಲಿ ನಿಲ್ಲುತ್ತದೆ. ಹೀಗೆ ಒಂದು ಸಾಲು ಗೋಡೆಯಿಂದ ಗೋಡೆಗೆ ಮುಗಿದರೆ ಅದು ತನ್ನಷ್ಟಕ್ಕೇ ಒಂದು ಪುಟ್ಟ ಕಮಾನು. ಮುಂದಿನ ಸಾಲಿಗೆ ಅದೇ ಆಸರೆ. ಮೊದಲ ಪದರದ ಉದ್ದೇಶ ಇಷ್ಟೇ: ಮೇಲಿನ ಪದರಗಳಿಗೆ ತಾನೇ ಸೆಂಟ್ರಿಂಗ್ ಆಗುವುದು. ನಮ್ಮ ಕಡೆಯ ಮದ್ರಾಸ್ ತಾರಸಿಯಲ್ಲಿ ಮರದ ತೊಲೆಗಳ ನಡುವೆ ಸಣ್ಣ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಓರೆಯಾಗಿ, ಕೆಳಗೆ ಹಲಗೆ ಕೊಡದೆ ಸುಣ್ಣದ ಗಾರೆಯಲ್ಲೇ ಕಚ್ಚಿಸುತ್ತಾ ಹೋಗುತ್ತಿದ್ದರಲ್ಲ, ಕೈಚಳಕ ಆ ಜಾತಿಯದೇ. ವ್ಯತ್ಯಾಸವೆಂದರೆ ಅಲ್ಲಿ ತೊಲೆ ಭಾರ ಹೊರುತ್ತದೆ, ಇಲ್ಲಿ ಆಕಾರವೇ ಹೊರಬೇಕು.

ಎರಡನೆಯ ಪದರಕ್ಕೆ ಪೋರ್ಟ್‌ಲ್ಯಾಂಡ್ ಸಿಮೆಂಟಿನ ಗಾರೆ. ಕೆಳಗಿನ ಪದರದ ಸಂದುಗಳ ಮೇಲೆ ಮೇಲಿನ ಸಂದು ಬೀಳಬಾರದು. ಅದಕ್ಕಾಗಿ ಟೈಲುಗಳನ್ನು ಬಹುಮಟ್ಟಿಗೆ 45 ಡಿಗ್ರಿ ತಿರುಗಿಸಿ ಹಾಸುತ್ತಾರೆ. ಅದರ ಮೇಲೆ ಮೂರನೆಯದು, ಬೇಕಿದ್ದರೆ ಇನ್ನೂ ಹೆಚ್ಚು. ಮೂರು ಪದರ, ನಡುವೆ ಗಾರೆ ಸೇರಿ ಒಟ್ಟು ದಪ್ಪ ಸುಮಾರು ನಾಲ್ಕು ಇಂಚು, ಅಂದರೆ ಹತ್ತು ಸೆಂಟಿಮೀಟರ್. ಅಷ್ಟರಲ್ಲಿ ಹಲವು ಮೀಟರ್ ಅಗಲದ ಛಾವಣಿ ನಿಲ್ಲುತ್ತದೆ.

ಎಲ್ಲ ಪದರಕ್ಕೂ ಪ್ಲಾಸ್ಟರನ್ನೇ ಯಾಕೆ ಬಳಸಬಾರದು? ತೇವ ತಗಲಿದರೆ ಅದರ ಬಲ ಹೋಗುತ್ತದೆ, ನೆಲದಡಿಯಲ್ಲಿ ತೇವ ತಪ್ಪಿದ್ದಲ್ಲ. ಮೊದಲ ಪದರಕ್ಕೂ ಸಿಮೆಂಟನ್ನೇ ಬಳಸಬಾರದೇಕೆ? ಸಿಮೆಂಟು ಕಚ್ಚಿಕೊಳ್ಳಲು ಗಂಟೆಗಟ್ಟಲೆ ಬೇಕು, ಅಷ್ಟು ಹೊತ್ತು ಟೈಲು ಹಿಡಿದುಕೊಂಡು ಯಾರು ನಿಲ್ಲುತ್ತಾರೆ? ಎರಡೂ ಬೇಕು, ಅದೇ ಅನುಕ್ರಮದಲ್ಲಿ ಬೇಕು.

ಇದು ಯಾಕೆ ನಿಲ್ಲುತ್ತದೆ ಅನ್ನುವುದಕ್ಕೆ ಹಿರಿಯ ಗುಸ್ತವಿನೊ ಕೊಟ್ಟ ವಿವರಣೆ ಪೂರ್ತಿ ಸರಿಯಲ್ಲ ಅನ್ನುವುದನ್ನು ಇಲ್ಲಿ ಹೇಳಲೇಬೇಕು. ಪದರಗಳೆಲ್ಲ ಅಂಟಿಕೊಂಡು ಏಕಶಿಲೆಯಾಗುತ್ತವೆ, ಆದ್ದರಿಂದ ಕಮಾನು ಪಕ್ಕಕ್ಕೆ ಹೆಚ್ಚು ತಳ್ಳುವುದಿಲ್ಲ ಎಂದು ಅವರು ವಾದಿಸುತ್ತಿದ್ದರು. ಅಂಟು ಇರುವುದು ನಿಜ, ಆದರೆ ಗಾರೆ–ಟೈಲಿನ ಜೋಡಣೆ ಎಳೆತಕ್ಕೆ ಬಹಳ ದುರ್ಬಲ. ಕಮಾನು ನಿಲ್ಲುವುದು ಅದರೊಳಗಿನ ಬಲ ಎಲ್ಲೆಲ್ಲೂ ಒತ್ತಡವಾಗಿಯೇ ಹರಿಯುವಂತೆ ಆಕಾರ ಕೊಟ್ಟಿರುವುದರಿಂದ. ಪಕ್ಕಕ್ಕೆ ತಳ್ಳುವ ಬಲ ಖಂಡಿತ ಇದೆ. ಕಮಾನು ತೆಳ್ಳಗಿದ್ದು ತೂಕ ಕಮ್ಮಿಯಾದ್ದರಿಂದ ಆ ಬಲವೂ ಕಮ್ಮಿ, ಅಷ್ಟೆ. ಮಗನ ಕಾಲಕ್ಕೆ ಕಂಪನಿ ಬಲಗಳ ನಕ್ಷೆ ಬಿಡಿಸಿ ಲೆಕ್ಕ ಹಾಕತೊಡಗಿತು. ಬಯಲಿನ ಕಟ್ಟಡದಲ್ಲಿ ಈ ತಳ್ಳುವ ಬಲವನ್ನು ತಡೆಯಲು ದಪ್ಪ ಗೋಡೆಯೋ ಕಬ್ಬಿಣದ ಎಳೆಕಂಬಿಯೋ ಬೇಕು. ನೆಲದಡಿಯಲ್ಲಾದರೆ ಗೋಡೆಯ ಹಿಂದೆ ಮಣ್ಣೇ ಒತ್ತಿಕೊಂಡಿರುತ್ತದೆ, ತಳ್ಳುವ ಬಲಕ್ಕೆ ಅದು ಎದುರು ನಿಲ್ಲುತ್ತದೆ. ಈ ಪದ್ಧತಿಗೆ ನೆಲಮಾಳಿಗೆ, ಸುರಂಗಗಳು ಒಗ್ಗುವುದು ಅದಕ್ಕೇ.

ಕೈಕೊಡುವುದು ಯಾವಾಗ? ಮುಖ್ಯ ಶತ್ರು ನೀರು. ಮೇಲಿನ ನೀರು ತಡೆಯುವ ಪದರ ಹರಿದರೆ ಗಾರೆಯ ಸುಣ್ಣಾಂಶ ಕರಗಿ ಕೆಳಗಿನ ಟೈಲಿನ ಮೇಲೆ ಬಿಳಿ ಪೊರೆಯಾಗಿ ಇಳಿಯುತ್ತದೆ. ಅದು ಕಂಡರೆ ಟೈಲು ಉಜ್ಜಿ ತೊಳೆಯುವುದು ದಂಡ, ಸರಿಪಡಿಸಬೇಕಾದದ್ದು ಮೇಲ್ಭಾಗವನ್ನು. ಮೊದಲ ಪದರದ ಪ್ಲಾಸ್ಟರು ಮೆತ್ತಗಾದರೆ ಕೆಳಗಿನ ಟೈಲು ಮೇಲಿನ ಪದರದಿಂದ ಬಿಟ್ಟುಕೊಳ್ಳುತ್ತದೆ. ಕೋಲಿನಿಂದ ಮೆಲ್ಲಗೆ ತಟ್ಟಿದರೆ ಗಟ್ಟಿ ಇರುವ ಕಡೆ ಟಣ್ ಎನ್ನುತ್ತದೆ, ಬಿಟ್ಟ ಕಡೆ ಡೊಳ್ಳು ಸದ್ದು. ಗೋಡೆ ಸ್ವಲ್ಪ ಹೊರಕ್ಕೆ ಸರಿದರೆ ಕಮಾನಿನ ನೆತ್ತಿಯಲ್ಲಿ ಕೆಳಗಿನಿಂದ ಉದ್ದನೆಯ ಬಿರುಕು ಕಾಣಿಸುತ್ತದೆ. ಬಿರುಕೆಂದ ಮಾತ್ರಕ್ಕೆ ಬೀಳುತ್ತದೆ ಎಂದಲ್ಲ, ಆದರೆ ಅದು ಅಗಲವಾಗುತ್ತಿದೆಯೇ ಎಂದು ಅಳತೆ ಇಟ್ಟು ನೋಡಬೇಕು. ಚೆನ್ನಾಗಿ ಕಟ್ಟಿದ್ದು ಎಷ್ಟು ಬಾಳುತ್ತದೆ ಅನ್ನುವುದಕ್ಕೆ ನ್ಯೂಯಾರ್ಕಿನ ಎಲ್ಲಿಸ್ ದ್ವೀಪದಲ್ಲಿ ವಲಸೆ ಬಂದವರ ಹೆಸರು ಬರೆದುಕೊಳ್ಳುತ್ತಿದ್ದ ನೋಂದಣಿ ಸಭಾಂಗಣವೇ ಸಾಕ್ಷಿ. ಗುಸ್ತವಿನೊ ಕಂಪನಿ 1918ರಲ್ಲಿ ಕಟ್ಟಿದ ಆ ಛಾವಣಿಯನ್ನು 1980ರ ದಶಕದಲ್ಲಿ ಪರೀಕ್ಷಿಸಿದಾಗ 28,000ಕ್ಕೂ ಹೆಚ್ಚು ಟೈಲುಗಳ ಪೈಕಿ ಬದಲಿಸಬೇಕಾದದ್ದು 17 ಮಾತ್ರ.

ಒಳಗೆ ಕಾಣುವುದೇನು

ಸಿಟಿ ಹಾಲ್‌ನಲ್ಲಿ ಕಮಾನಿನ ಅಂಚುಗಳಿಗೆ ಹಸಿರು ಮತ್ತು ಕಂದು ಬಣ್ಣದ ಮಿರುಗುವ ಟೈಲು, ನಡುವಿನ ಹರವಿಗೆ ಕೆನೆಬಿಳಿ. ಈ ಬಣ್ಣದ ಅಂಚೇ ಬಾಗಿನ ಕೆಲಸ ತೋರಿಸಿಕೊಡುತ್ತದೆ. ನೇರವಾದ ಸ್ಟೇಷನ್ನಿನ ತುದಿಯಲ್ಲಿ ನಿಂತರೆ ಕಮಾನುಗಳು ಒಂದರ ಹಿಂದೆ ಒಂದು ಅಡಗಿ ಒಂದೇ ಕಮಾನಿನ ಹಾಗೆ ಕಾಣುತ್ತವೆ. ಇಲ್ಲಿ ಪ್ರತಿ ಕಮಾನೂ ಹಿಂದಿನದಕ್ಕಿಂತ ಚೂರು ಪಕ್ಕಕ್ಕೆ ಜರುಗಿರುವುದರಿಂದ ಪಟ್ಟಿಗಳೆಲ್ಲ ಬಿಡಿಬಿಡಿಯಾಗಿ ಕಾಣುತ್ತಾ ತಿರುವಿನಲ್ಲಿ ಮರೆಯಾಗುತ್ತವೆ. ಚಿತ್ರ ತೆಗೆದವರೆಲ್ಲ ಒಂದೇ ಕೋನದಿಂದ ತೆಗೆಯುವುದು ಇದಕ್ಕೇ. ಪ್ಲಾಟ್‌ಫಾರಂನಿಂದ ಮೆಟ್ಟಿಲು ಏರಿದರೆ ಟಿಕೆಟ್ ಹಾಲ್, ಅದಕ್ಕೂ ಗುಮ್ಮಟದಂಥ ಟೈಲಿನ ಛಾವಣಿ, ನೆತ್ತಿಯಲ್ಲಿ ಗಾಜು. ಹಗಲು ಹೊತ್ತಿನಲ್ಲಿ ಪಾರ್ಕಿನ ಬೆಳಕು ನೇರ ಕೆಳಗಿಳಿಯುತ್ತಿತ್ತು; ಎರಡನೇ ಮಹಾಯುದ್ಧದ ಕಾಲದಲ್ಲಿ ವಿಮಾನ ದಾಳಿಯ ಭಯಕ್ಕೆ ಆ ಗಾಜುಗಳ ಮೇಲೆ ಟಾರು ಬಳಿದರು.

ಉದ್ಘಾಟನೆಯ ದಿನ ಮೇಯರ್ ಜಾರ್ಜ್ ಮೆಕ್ಲೆಲನ್ ಕೈಗೆ ಬೆಳ್ಳಿಯ ಹಿಡಿಕೆ ಕೊಟ್ಟು, ಗಾಡಿ ಹೊರಡಿಸಿ ಎಂದರು. ಶಾಸ್ತ್ರಕ್ಕೆ ನಾಲ್ಕು ಮಾರು ಓಡಿಸಿ ಚಾಲಕನಿಗೆ ಒಪ್ಪಿಸಲಿ ಅನ್ನುವುದು ಏರ್ಪಾಡು. ಮೇಯರ್ ಹಿಡಿಕೆ ಬಿಡಲೇ ಇಲ್ಲ. 103ನೇ ಬೀದಿಯವರೆಗೆ ತಾವೇ ಓಡಿಸಿದರು. ಸಂಜೆ 7ಕ್ಕೆ ಜನರಿಗೆ ಬಿಟ್ಟರು. ಇಲ್ಲಿಂದ ಬ್ರಾಡ್‌ವೇಯ 145ನೇ ಬೀದಿವರೆಗೆ 28 ಸ್ಟೇಷನ್, 9.1 ಮೈಲಿ, ಟಿಕೆಟ್ಟಿಗೆ ಐದು ಸೆಂಟು.

ಸಂದಿನ ಲೆಕ್ಕ

ಈಗ ಮುಖ್ಯ ವಿಷಯಕ್ಕೆ ಬರೋಣ. ಪ್ಲಾಟ್‌ಫಾರಂ ಬಾಗುತ್ತದೆ, ಬೋಗಿ ಬಾಗುವುದಿಲ್ಲ. ಇಲ್ಲಿನ ಪ್ಲಾಟ್‌ಫಾರಂ ಇರುವುದು ತಿರುವಿನ ಹೊರಬದಿಗೆ. ಅಲ್ಲಿ ನಿಂತ ಬೋಗಿಯ ಎರಡು ತುದಿ ಪ್ಲಾಟ್‌ಫಾರಂ ಹತ್ತಿರ, ನಡುಭಾಗ ದೂರ.

ಎಷ್ಟು ದೂರ? ಈ ಮಾರ್ಗದ ಬೋಗಿ ಸುಮಾರು 51 ಅಡಿ, ಅಂದರೆ 15.5 ಮೀಟರ್ ಉದ್ದ. ಅದರಡಿಯ ಎರಡು ಚಕ್ರದ ಚೌಕಟ್ಟುಗಳ ನಡುವಿನ ಅಂತರ ಸುಮಾರು 11 ಮೀಟರ್. ಲೆಕ್ಕಕ್ಕೆ ತಿರುವಿನ ತ್ರಿಜ್ಯ 45 ಮೀಟರ್ ಎಂದಿಟ್ಟುಕೊಳ್ಳೋಣ. ನೇರವಾದ ಒಂದು ಕೋಲನ್ನು ವೃತ್ತದ ಒಳಗೆ ಎರಡು ತುದಿ ತಾಗುವಂತೆ ಇಟ್ಟರೆ ಕೋಲಿನ ನಡುವಿಗೂ ವೃತ್ತಕ್ಕೂ ಇರುವ ಅಂತರ ತಿಳಿಯಲು ಕೋಲಿನ ಉದ್ದದ ವರ್ಗವನ್ನು ತ್ರಿಜ್ಯದ ಎಂಟರಷ್ಟರಿಂದ ಭಾಗಿಸಬೇಕು.

ಚಕ್ರಗಳು ಹಳಿಯ ಮೇಲೆಯೇ ಇರುತ್ತವೆ. 11ರ ವರ್ಗ 121, ಅದನ್ನು 360ರಿಂದ ಭಾಗಿಸಿದರೆ 0.34. ಅಂದರೆ ಬೋಗಿಯ ನಡು ತಿರುವಿನ ಒಳಕ್ಕೆ 34 ಸೆಂಟಿಮೀಟರ್ ಸರಿಯುತ್ತದೆ. ಅದೇ ಹೊತ್ತಿಗೆ ಚಕ್ರಗಳಾಚೆ ಚಾಚಿಕೊಂಡ ತುದಿಗಳು ಹೊರಕ್ಕೆ ಸುಮಾರು 33 ಸೆಂಟಿಮೀಟರ್ ಬೀಸುತ್ತವೆ. ಆ ತುದಿ ಉಜ್ಜದಂತೆ ಪ್ಲಾಟ್‌ಫಾರಂ ಅಂಚನ್ನು ಅಷ್ಟು ಹಿಂದಕ್ಕೆ ಕತ್ತರಿಸಲೇಬೇಕು. ಎರಡೂ ಕೂಡಿದರೆ ನಡುವಿನಲ್ಲಿ 67 ಸೆಂಟಿಮೀಟರ್. ಮೇಲೆ ಗಾಡಿ ಅಲುಗಾಡುವುದಕ್ಕೆಂದು ಬಿಡುವ ಜಾಗ ಬೇರೆ. ಮುಕ್ಕಾಲು ಮೀಟರಿನ ಹತ್ತಿರ! ದೊಡ್ಡವರು ದಾಟಿಯಾರು; ಮಗುವನ್ನು ಕೈಹಿಡಿದು ಕರೆತಂದವರ ಪಾಡೇನು, ಕೆಳಗೆ ಕರೆಂಟಿನ ಹಳಿ ಇರುವಾಗ?

ತ್ರಿಜ್ಯ 300 ಮೀಟರ್ ಇದ್ದಿದ್ದರೆ ಇದೇ ಬೋಗಿಗೆ ಅಂತರ 10 ಸೆಂಟಿಮೀಟರ್ ಮಾತ್ರ. ಹೊಸ ಮೆಟ್ರೋಗಳನ್ನು ಕಟ್ಟುವವರು ಪ್ಲಾಟ್‌ಫಾರಂ ಇರುವಷ್ಟು ಉದ್ದಕ್ಕೆ ಹಳಿ ನೇರವಾಗಿರಲಿ, ತಿರುವೇನಿದ್ದರೂ ಸ್ಟೇಷನ್ ಕಳೆದ ಮೇಲೆ ಇರಲಿ ಎಂದು ಹಟ ಹಿಡಿಯುವುದು ಈ ಲೆಕ್ಕದಿಂದಲೇ.

ಹಾಗಾದರೆ 1904ರಲ್ಲಿ ಹೇಗೆ ನಡೆಯಿತು? ಆಗಿನ ಬೋಗಿಗಳಿಗೆ ಬಾಗಿಲು ಎರಡು ತುದಿಗಳಲ್ಲಿ ಮಾತ್ರ ಇತ್ತು. ತುದಿಯಿಂದ ಒಂದು ಮೀಟರ್ ಒಳಗಿರುವ ಬಾಗಿಲಿಗೆ ಇದೇ ಲೆಕ್ಕ ಹಾಕಿದರೆ ಬಾಗಿನಿಂದಾಗುವ ಅಂತರ 16 ಸೆಂಟಿಮೀಟರ್. ಹೆಚ್ಚೇ, ಆದರೆ ದಾಟಬಹುದು. ಅಂದರೆ ಸ್ಟೇಷನ್ನಿನ ವಿನ್ಯಾಸದಲ್ಲಿ ತಪ್ಪಿರಲಿಲ್ಲ. ಅಂದಿನ ಗಾಡಿಗೆ ಅದು ಸರಿಯಾಗಿಯೇ ಹೊಂದಿತ್ತು. ಹೊಂದಾಣಿಕೆ ಕೆಡಿಸಿದ್ದು ಸಬ್‌ವೇಯ ಯಶಸ್ಸು. ಜನ ಎಣಿಸಿದ್ದಕ್ಕಿಂತ ಹೆಚ್ಚು ಬಂದರು. ತುದಿಯ ಬಾಗಿಲುಗಳಲ್ಲಿ ಹತ್ತುವವರೂ ಇಳಿಯುವವರೂ ಸಿಕ್ಕಿಹಾಕಿಕೊಂಡು ಗಾಡಿಗಳು ತಡವಾಗತೊಡಗಿದವು. 1909ರಿಂದ ಮುಂದೆ ಕಂಪನಿ ಬೋಗಿಗಳ ಹೊಟ್ಟೆ ಕೊಯ್ದು ನಡುವೆ ಇನ್ನೊಂದು ಬಾಗಿಲು ಇಟ್ಟಿತು. ಸರಿಯಾಗಿ ಸಂದು ಅತಿ ದೊಡ್ಡದಿರುವ ಜಾಗದಲ್ಲಿ!

ಇಂಥ ಸಂದಿಗೆ ಮದ್ದಿಲ್ಲವೇ ಅಂದರೆ ಇದೆ. ಯೂನಿಯನ್ ಸ್ಕ್ವೇರಿನ 14ನೇ ಬೀದಿ ಸ್ಟೇಷನ್ನಿನಲ್ಲಿ ಪ್ಲಾಟ್‌ಫಾರಂ ಅಂಚಿನಿಂದ ಉಕ್ಕಿನ ಜಾಲರಿ ಚಾಚಿಕೊಂಡು ಬಂದು ಬಾಗಿಲಿಗೆ ತಾಗುತ್ತದೆ. ಗಾಡಿ ಪೂರ್ತಿ ನಿಂತ ಮೇಲೆ ಅದು ಹೊರಬರಬೇಕು, ಒಳಗೆ ಹೋದ ಮೇಲಷ್ಟೇ ಗಾಡಿ ಹೊರಡಬೇಕು. ಆದ್ದರಿಂದ ಸಿಗ್ನಲ್ಲಿನ ಜೊತೆ ಕಟ್ಟಿಹಾಕಿರಬೇಕು, ಚಾಲಕ ಗುರುತಿಗೆ ಸರಿಯಾಗಿ ನಿಲ್ಲಿಸಬೇಕು. ಹಳೆಯ ಸೌತ್ ಫೆರಿ ಸುತ್ತುಹಳಿಯ ಸ್ಟೇಷನ್ನಿನಲ್ಲೂ ಇದೇ ಏರ್ಪಾಡಿತ್ತು. ಅಲ್ಲಿ ಪ್ಲಾಟ್‌ಫಾರಂ ಗಿಡ್ಡವಾದ್ದರಿಂದ ಹತ್ತು ಬೋಗಿಯ ಗಾಡಿಯಲ್ಲಿ ಮುಂದಿನ ಐದರ ಬಾಗಿಲಷ್ಟೇ ತೆಗೆಯುತ್ತಿದ್ದರು. ಯಂತ್ರ ಕೆಟ್ಟರೆ ಗಾಡಿಯೇ ನಿಂತುಬಿಡುತ್ತದೆ. ಇಷ್ಟು ಉಪದ್ವ್ಯಾಪ ಮಾಡಬೇಕಾದರೆ ಸ್ಟೇಷನ್ನಿಗೆ ಜನ ಬರುತ್ತಿರಬೇಕು.

ಸಿಟಿ ಹಾಲ್‌ಗೆ ಜನ ಬರುತ್ತಿರಲಿಲ್ಲ. ಕೂಗಳತೆಯಲ್ಲಿ ಬ್ರೂಕ್ಲಿನ್ ಬ್ರಿಡ್ಜ್ ಸ್ಟೇಷನ್. ಅಲ್ಲಿ ಎಕ್ಸ್‌ಪ್ರೆಸ್ಸೂ ಸಿಗುತ್ತದೆ, ಲೋಕಲ್ಲೂ ಸಿಗುತ್ತದೆ, ಸೇತುವೆಯ ಟ್ರಾಮೂ ಸಿಗುತ್ತಿತ್ತು. ಕೊನೆಯ ಕಾಲದಲ್ಲಿ ದಿನಕ್ಕೆ ಸುಮಾರು 600 ಜನ ಇದನ್ನು ಬಳಸುತ್ತಿದ್ದರು. 1940ರಲ್ಲಿ ನಗರಾಡಳಿತ ಖಾಸಗಿ ಕಂಪನಿಗಳಿಂದ ಸಬ್‌ವೇ ಕೊಂಡಿತ್ತು. ಲೋಕಲ್ ಪ್ಲಾಟ್‌ಫಾರಂಗಳನ್ನು ಹತ್ತು ಬೋಗಿಗೆ ಉದ್ದ ಮಾಡುವ ಯೋಚನೆ ನಡೆದಿತ್ತು. ಐದು ಬೋಗಿಗೆಂದು ಕಟ್ಟಿದ ಈ ಪ್ಲಾಟ್‌ಫಾರಂ ಉದ್ದ ಮಾಡಿದರೂ ಮತ್ತಷ್ಟು ಬಾಗಿನೊಳಕ್ಕೇ ಹೋಗಬೇಕು, ಕಮಾನು ಒಡೆಯಬೇಕು. ಲೆಕ್ಕ ಯಾವ ದಿಕ್ಕಿನಿಂದ ಹಾಕಿದರೂ ಉತ್ತರ ಒಂದೇ ಬಂತು. ನಮಗೆ ಅನ್ನಿಸುವುದೆಂದರೆ, ಆವತ್ತು ಅದನ್ನು ಉದ್ದ ಮಾಡದೆ ಮುಚ್ಚಿದ್ದೇ ಒಳ್ಳೆಯದಾಯಿತು. ಬಳಕೆಯಲ್ಲಿ ಉಳಿದ ಅನೇಕ ಸ್ಟೇಷನ್‌ಗಳ ಮೂಲ ಟೈಲು ವಿಸ್ತರಣೆ, ದುರಸ್ತಿಗಳಲ್ಲಿ ಹೋಯಿತು. ಇಲ್ಲಿ ಬಹುಪಾಲು ಹಾಗೇ ಇದೆ.

ಈಗ ನೋಡಬೇಕಾದರೆ

1979ರಲ್ಲಿ ನಗರದ ಪಾರಂಪರಿಕ ಕಟ್ಟಡಗಳ ಆಯೋಗ ಇದರ ಒಳಾಂಗಣಕ್ಕೆ ರಕ್ಷಣೆ ಕೊಟ್ಟಿತು, 2004ರಲ್ಲಿ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಗೂ ಸೇರಿತು. 1990ರ ದಶಕದಲ್ಲಿ ಇದನ್ನು ಸಾರಿಗೆ ವಸ್ತುಸಂಗ್ರಹಾಲಯದ ಶಾಖೆಯಾಗಿ ತೆರೆಯುವ ಯೋಜನೆ ಇತ್ತು. ಮೇಲೆ ಮೇಯರ್ ಕಚೇರಿ ಇರುವುದರಿಂದ ಭದ್ರತೆಯ ಕಾರಣಕ್ಕೆ ಕೈಬಿಟ್ಟರು.

ಕೆಳಗಿಳಿದು ನೋಡಲು ಇರುವ ದಾರಿ ಆ ವಸ್ತುಸಂಗ್ರಹಾಲಯದ ಪ್ರವಾಸ. ಅದು ಸದಸ್ಯರಿಗೆ ಮಾತ್ರ, ಟಿಕೆಟ್ಟು ಬೇಗ ಖಾಲಿಯಾಗುತ್ತದೆ. ಪುಕ್ಕಟೆ ದಾರಿ 6ನೇ ನಂಬರಿನ ಗಾಡಿ. ಬ್ರೂಕ್ಲಿನ್ ಬ್ರಿಡ್ಜ್‌ನಲ್ಲಿ ಇಳಿಯದೆ ಕೂತಿದ್ದರೆ ಈಗ ಸಾಮಾನ್ಯವಾಗಿ ಎಬ್ಬಿಸುವುದಿಲ್ಲ. ಸಿಬ್ಬಂದಿ ಇಳಿಯಿರಿ ಎಂದರೆ ಮಾತ್ರ ಇಳಿಯಬೇಕು. ಗಾಡಿ ಹೋಗುವ ದಿಕ್ಕಿಗೆ ಮುಖ ಮಾಡಿ ಕೂತರೆ ಸ್ಟೇಷನ್ ಬರುವುದು ಬಲಗಡೆಗೆ, ಪ್ಲಾಟ್‌ಫಾರಂ ತಿರುವಿನ ಹೊರಬದಿಗಿರುವುದರಿಂದ. ಬೋಗಿಯೊಳಗಿನ ದೀಪ ಗಾಜಿನಲ್ಲಿ ಪ್ರತಿಫಲಿಸಿ ಹೊರಗಿನದು ಕಾಣಿಸುವುದಿಲ್ಲ, ಎರಡು ಕೈ ಕಣ್ಣಿನ ಪಕ್ಕಕ್ಕೆ ಮರೆ ಹಿಡಿದು ಗಾಜಿಗೆ ಹತ್ತಿರವಾಗಿ ನೋಡಬೇಕು. ಬೆಳಕಿಂಡಿಯಿಂದ ಬೆಳಕು ಬೀಳುವ ಹಗಲು ಹೊತ್ತೇ ಒಳ್ಳೆಯದು. ತಿರುವಿನ ಕಿರಿಚು ಶುರುವಾಯಿತೆಂದರೆ, ಅಂದರೆ ಚಕ್ರದ ಅಂಚು ಹಳಿಗೆ ಉಜ್ಜತೊಡಗಿತೆಂದರೆ, ಸ್ಟೇಷನ್ ಬಂತೆಂದು ಲೆಕ್ಕ. ಗಾಡಿ ನಿಧಾನವಾಗಿ ಹೋದರೂ ಸಿಗುವುದು ಕೆಲವೇ ಸೆಕೆಂಡು, ಆದ್ದರಿಂದ ಫೋನಿನ ಫ್ಲ್ಯಾಷ್ ಮೊದಲೇ ಆರಿಸಿಟ್ಟುಕೊಂಡಿರಿ.